ಟೀಮ್ ಪೊನ್ನಂಪೇಟೆಗೆ ಹೋಗ್ತಿದೆ, ಅಂಗಡಿ ಇಲ್ಲೇ ಇರುತ್ತೆ: ಟೀಮ್ ಕಾರ್ಡ್ ತಗೊಂಡಿರೋ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ,

ನಮ್ಮ ಸ್ಪೋರ್ಟ್ಸ್ ಅಂಗಡಿ ಕೌಂಟರಲ್ಲಿ, ಬಸ್ ಸ್ಟ್ಯಾಂಡಲ್ಲಿ, ಮದುವೆ ಊಟದ ಸಾಲಲ್ಲಿ, ಎಲ್ಲಿ ಸಿಕ್ಕಿದ್ರೂ ಕೇಳ್ತಿರೋದು ಒಂದೇ, ಟೀಮ್ ಊರು ಬಿಟ್ಟು ಹೋಗ್ತಿದೆಯಂತೆ ಹೌದಾ ಅಂತ. ಹೌದು. ಈ ಜೂನಿಂದ ನಮ್ಮ ಜೂನಿಯರ್ ಹಾಕಿ ಟೀಮಿನ ಪ್ರಾಕ್ಟೀಸು ಮ್ಯಾಚು ಎರಡೂ ಪೊನ್ನಂಪೇಟೆ ಟರ್ಫಲ್ಲಿ, ಅಂದ್ರೆ ಆರ್ಟಿಫಿಶಿಯಲ್ ಹುಲ್ಲಿನ ಮೈದಾನದಲ್ಲಿ. ಊರಿನ ಮೈದಾನದಲ್ಲಿ ಇನ್ಮುಂದೆ ಭಾನುವಾರ ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಸ್ಟಿಕ್ ಹಿಡಿಯೋದು ಹೇಳಿಕೊಡೋ ಕ್ಲಾಸ್ ಮಾತ್ರ ಇರುತ್ತೆ. ಅಂಡರ್-17 ಟೀಮನ್ನ ಈ ವರ್ಷ ಯಾವ ಟೂರ್ನಮೆಂಟಿಗೂ ಕಳಿಸಲ್ಲ, ಅಂಡರ್-14 ಮಕ್ಕಳಿಂದ ಹೊಸದಾಗಿ ಕಟ್ಕೊಂಡು ಬರ್ತೀವಿ. ಅಂಗಡಿಯಲ್ಲಿ ಡಿಸ್ಕೌಂಟ್ ಸಿಗೋ ಟೀಮ್ ಕಾರ್ಡ್ 600 ರೂಪಾಯಿ ಇದ್ದದ್ದು 900 ಆಗುತ್ತೆ. ಅಂಗಡಿ ಎಲ್ಲೂ ಹೋಗಲ್ಲ, ಗ್ರಿಪ್ ಸುತ್ತೋದು, ಸೀಳಿದ ಸ್ಟಿಕ್ ರಿಪೇರಿ, ಏಪ್ರಿಲ್ ಬಂದ್ರೆ ಕೊಡವ ಕುಟುಂಬಗಳ ಫ್ಯಾಮಿಲಿ ಹಾಕಿ ಟೂರ್ನಮೆಂಟಿಗೆ ಜರ್ಸಿ ಪ್ರಿಂಟಿಂಗ್, ಎಲ್ಲ ಮೊದಲಿನ ಹಾಗೇ ಇದೇ ಜಾಗದಲ್ಲಿ.

ಬೇಜಾರಾಗಿದೆ ಅಂತ ಗೊತ್ತು. ಬೇಲಿ ಪಕ್ಕ ಜೀಪ್ ನಿಲ್ಲಿಸ್ಕೊಂಡು ಬಾನೆಟ್ ಮೇಲೆ ಕೂತು ಮ್ಯಾಚ್ ನೋಡ್ತಿದ್ದೋರು, ಮನೆಯಿಂದ ನಡ್ಕೊಂಡೇ ಬರ್ತಿದ್ದ ಮಿಲಿಟರಿ ರಿಟೈರ್ಡ್ ಅಂಕಲ್‌ಗಳು, ಹಾಫ್ ಟೈಮಿಗೆ ಮಕ್ಕಳಿಗೆ ಕಿತ್ತಳೆ ಬಿಡಿಸಿ ಕೊಡ್ತಿದ್ದ ಆಂಟಿಯರು, ನಿಮ್ಮಿಂದ ಒಂದು ಭಾನುವಾರ ಸಾಯಂಕಾಲ ಕಿತ್ಕೊಂಡ ಹಾಗಾಗ್ತಿದೆ, ಅದಕ್ಕೆ ನಿಮ್ಮೆಲ್ಲರ ಹತ್ರ ಕ್ಷಮೆ ಕೇಳ್ತೀವಿ, ಮನಸಾರೆ ಕೇಳ್ತೀವಿ. ಆದ್ರೆ ದುಡ್ಡಿಗೋಸ್ಕರ ಟೀಮನ್ನ ಮಾರಿಬಿಟ್ರು ಅಂತ ಕೆಲವರು ಹೇಳ್ತಿರೋದು ನಮ್ಮ ಕಿವಿಗೂ ಬಿದ್ದಿದೆ, ಅದನ್ನ ಮಾತ್ರ ಒಪ್ಪಕ್ಕಾಗಲ್ಲ. ಈ ಟೀಮಿಂದ ಅಂಗಡಿಗೆ ಒಂದು ರೂಪಾಯಿ ಬಂದಿಲ್ಲ, ಅಂಗಡಿಯಿಂದಾನೇ ಟೀಮಿಗೆ ಹೋಗಿರೋದು, ಲೆಕ್ಕದ ಪುಸ್ತಕ ಕೌಂಟರ್ ಮೇಲೇ ಇಟ್ಟಿದ್ದೀವಿ, ಯಾರು ಬೇಕಾದ್ರೂ ಬಂದು ನೋಡಬಹುದು.

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿರೋ ಪ್ರಶ್ನೆಗೆ ಬರ್ತೀನಿ. "ಟರ್ಫ್ ಟರ್ಫ್ ಅಂತೀರಲ್ಲ, ನಮ್ಮ ಹಿರಿಯರೆಲ್ಲ ಮಣ್ಣಲ್ಲಿ ಆಡಿ ಒಲಿಂಪಿಕ್ಸಿಗೆ ಹೋಗಲಿಲ್ವಾ?" ಹೋದ್ರು, ಅದು ನಮ್ಮೆಲ್ಲರ ಹೆಮ್ಮೆ, ನಮ್ಮ ಅಂಗಡಿ ಗೋಡೆ ಮೇಲಿರೋ ಫೋಟೋಗಳು ಅವರದ್ದೇ. ಎಂ.ಪಿ. ಗಣೇಶ್ 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಟೀಮಲ್ಲಿದ್ರು, ಬಿ.ಪಿ. ಗೋವಿಂದ 1975ರಲ್ಲಿ ಕ್ವಾಲಾಲಂಪುರದಲ್ಲಿ ವರ್ಲ್ಡ್ ಕಪ್ ಗೆದ್ದ ಟೀಮಲ್ಲಿ ಆಡಿದೋರು. ಆದ್ರೆ ಅದರ ಮುಂದಿನ ವರ್ಷ ಏನಾಯ್ತು ಅಂತಾನೂ ನೆನಪಿಟ್ಕೋಬೇಕಲ್ವಾ. 1976ರ ಮಾಂಟ್ರಿಯಲ್ ಒಲಿಂಪಿಕ್ಸಲ್ಲಿ ಹಾಕಿನ ಮೊದಲನೇ ಸಲ ಆರ್ಟಿಫಿಶಿಯಲ್ ಟರ್ಫ್ ಮೇಲೆ ಆಡಿಸಿದ್ರು, ಹುಲ್ಲಿನ ಮೇಲೆ ವರ್ಲ್ಡ್ ಕಪ್ ಗೆದ್ದ ದೇಶ ಅಲ್ಲಿ ಏಳನೇ ಸ್ಥಾನಕ್ಕೆ ಬಂತು, ಒಂದೇ ವರ್ಷದಲ್ಲಿ. ಅಲ್ಲಿಂದ ಆಟವೇ ಬೇರೆ ಆಗಿದೆ, ಈಗ ದೊಡ್ಡ ಟೂರ್ನಮೆಂಟ್ ಯಾವುದೂ ಮಣ್ಣಲ್ಲಿಲ್ಲ, ಸೆಲೆಕ್ಷನ್ ಟ್ರಯಲ್ ಕೂಡ ಟರ್ಫ್ ಮೇಲೇನೇ.

ಮಣ್ಣಲ್ಲಿ ಕಲಿತ ಹುಡುಗನಿಗೆ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. ನಮ್ಮ ಮೈದಾನದಲ್ಲಿ ಚೆಂಡು ಯಾವ ಕಲ್ಲಿಗೆ ತಾಗಿ ಎಲ್ಲಿ ಎಗರುತ್ತೋ ಗೊತ್ತಿಲ್ಲ, ಹಾಗಾಗಿ ಮಕ್ಕಳು ತಮಗೇ ಗೊತ್ತಿಲ್ಲದ ಹಾಗೆ ಸ್ಟಿಕ್ಕನ್ನ ಸ್ವಲ್ಪ ಮೇಲೆತ್ತಿ, ಸೊಂಟ ನೇರ ಇಟ್ಕೊಂಡು, ಚೆಂಡು ಪುಟಿಯೋದನ್ನೇ ಕಾಯ್ತಾ ನಿಂತಿರ್ತಾರೆ. ಇಲ್ಲಿ ಅದೇ ಸರಿ, ಹಾಗೆ ನಿಂತರೇ ಚೆಂಡು ನಿಲ್ಲೋದು. ಹೋದ ವರ್ಷ ನಮ್ಮ ಒಬ್ಬ ಹುಡುಗ, ಬ್ಯಾಕ್ ಆಡೋನು, ಇಡೀ ಟೀಮಲ್ಲಿ ಗಟ್ಟಿ ಹುಡುಗ ಅವನೇ, ಟ್ರಯಲಿಗೆ ಹೋದ. ನೀರು ಹಾಕಿ ನೆನೆಸಿದ ಟರ್ಫು, ಚೆಂಡು ನೆಲ ಬಿಟ್ಟು ಏಳಲೇ ಇಲ್ಲ, ಸರ್‍ರಂತ ಬಂದು ಅವನ ಸ್ಟಿಕ್ಕಿನ ಕೆಳಗಿಂದಾನೇ ಹೊರಟೋಯ್ತು. ಒಂದು ಸಲ ಅಲ್ಲ, ಬಂದಿದ್ದೆಲ್ಲ ಹಾಗೇ. ಟರ್ಫಲ್ಲಿ ಮೊಣಕಾಲು ಬಗ್ಗಿಸಿ ಕೆಳಗಿಳಿದು, ರಿವರ್ಸ್ ಸೈಡಿಗೆ, ಅಂದ್ರೆ ಎಡಗಡೆಗೆ, ಬಂದ ಚೆಂಡಿಗೆ ಸ್ಟಿಕ್ಕನ್ನ ನೆಲಕ್ಕೆ ಪೂರ್ತಿ ಮಲಗಿಸಬೇಕು, ಅದು ಅವನ ಕೈಗೆ ಬಂದಿರಲಿಲ್ಲ, ಎಲ್ಲಿಂದ ಬರುತ್ತೆ, ನಮ್ಮ ಮೈದಾನದಲ್ಲಿ ಸ್ಟಿಕ್ ಮಲಗಿಸಿದ್ರೆ ಚೆಂಡು ಎಗರಿ ಮುಖಕ್ಕೆ ಬರುತ್ತೆ. ಪೆನಾಲ್ಟಿ ಕಾರ್ನರಿನ ಡ್ರ್ಯಾಗ್ ಫ್ಲಿಕ್ ಅಂತೂ ಮಣ್ಣಲ್ಲಿ ಕಲಿಸೋಕೇ ಆಗಲ್ಲ, ಚೆಂಡನ್ನ ಸ್ಟಿಕ್ಕಿಗೆ ಅಂಟಿಸ್ಕೊಂಡು ಅಷ್ಟು ದೂರ ಎಳಿಯೋಕೆ ನೆಲ ನುಣ್ಣಗಿರಬೇಕು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಡ್ರ್ಯಾಗ್ ಫ್ಲಿಕ್ ನೋಡಿ ಬೆಳೆದ ಮಕ್ಕಳಿಗೆ ಅದನ್ನ ಮಾಡಿ ನೋಡೋಕೂ ಜಾಗ ಇಲ್ಲ ಅಂದ್ರೆ ಹೇಗೆ ಹೇಳಿ.

ಟೋಕಿಯೋದಲ್ಲಿ ಇಂಡಿಯಾ ಕಂಚು ಗೆದ್ದಾಗ ಅಂಗಡಿ ಮುಂದೆ ಪಟಾಕಿ ಹೊಡೆದ್ವಿ, ಪ್ಯಾರಿಸ್ 2024ರಲ್ಲೂ ಹೊಡೆದ್ವಿ. ಆ ಎರಡು ಟೀಮಲ್ಲೂ ಕೊಡಗಿನ ಒಬ್ಬ ಹುಡುಗ ಇರಲಿಲ್ಲ. ಲಂಡನ್ 2012ಕ್ಕೂ ರಿಯೋ 2016ಕ್ಕೂ ಎಸ್.ವಿ. ಸುನಿಲ್, ರಘುನಾಥ್, ಎಸ್.ಕೆ. ಉತ್ತಪ್ಪ ಮೂರೂ ಜನ ಹೋಗಿದ್ರು, ಆಮೇಲೆ ಖಾಲಿ. ಇದನ್ನ ಹೇಳಿದ್ರೆ ಕೆಲವರಿಗೆ ಕೋಪ ಬರುತ್ತೆ, ನಮಗೂ ಹೇಳೋಕೆ ಖುಷಿ ಇಲ್ಲ, ಆದ್ರೆ ಇದ್ದದ್ದು ಇದ್ದ ಹಾಗೆ ಹೇಳ್ದೆ ಇನ್ನೇನು ಮಾಡೋದು.

ಇದರ ಬೆನ್ನಿಗೇ ಬರೋ ಇನ್ನೊಂದು ಮಾತು, ಫ್ಯಾಮಿಲಿ ಹಾಕಿಗೆ ಅಷ್ಟೊಂದು ಟೀಮ್ ಬರುತ್ತೆ, ನಿಮಗೆ ಹನ್ನೊಂದು ಮಕ್ಕಳು ಸಿಗಲ್ವಾ ಅಂತ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ ಕಪ್ಪಿಗೆ 396. ಜಗತ್ತಲ್ಲಿ ಇನ್ನೆಲ್ಲೂ ಇಂಥದ್ದಿಲ್ಲ, ಆ ಜರ್ಸಿ ಪ್ರಿಂಟ್ ಮಾಡೋದೇ ನಮ್ಮ ವರ್ಷದ ದೊಡ್ಡ ಸಂಭ್ರಮ, ಅಜ್ಜ ಮೊಮ್ಮಗ ಒಂದೇ ಟೀಮಲ್ಲಿ ಇಳಿಯೋದು ನೋಡಿದ್ರೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ಆದ್ರೆ ಅಲ್ಲಿ ಸ್ಟಿಕ್ ಅಟ್ಟದಿಂದ ಇಳಿಯೋದು ಏಪ್ರಿಲಲ್ಲಿ, ಮೇ ಕೊನೆಗೆ ವಾಪಸ್ ಅಟ್ಟ ಸೇರುತ್ತೆ. ಜೂನಿಯರ್ ಟೀಮಿಗೆ ಬೇಕಾಗಿರೋದು ಉಳಿದ ಹತ್ತು ತಿಂಗಳು, ಅದರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಮೈದಾನ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ, ಗದ್ದೆ, ನಾಟಿ ಮಾಡಬಹುದು. ಮಳೆ ಬಿಟ್ಟು ನೆಲ ಒಣಗೋ ಹೊತ್ತಿಗೆ ಕಾಫಿ ಕುಯ್ಲು, ಮಕ್ಕಳೂ ತೋಟದಲ್ಲಿ, ಕುಯ್ಲು ಮುಗೀತು ಅಂದ್ರೆ ಪರೀಕ್ಷೆ, ಪರೀಕ್ಷೆ ಮುಗೀತು ಅಂದ್ರೆ ಮದುವೆ ಸೀಸನ್ನು, ಅರ್ಧ ಮೈದಾನ ಕಾರ್ ಪಾರ್ಕಿಂಗು. ಎಷ್ಟು ದಿನ ಉಳೀತು ನೀವೇ ಲೆಕ್ಕ ಹಾಕಿ.

ದೊಡ್ಡ ಹುಡುಗರ ಟೀಮ್ ಯಾಕೆ ನಿಲ್ಲಿಸ್ತಿದ್ದೀರಿ ಅಂತ ಅವರ ಮನೆಯವರೇ ಬಂದು ಜೋರು ಮಾಡಿದ್ರು, ಅವರ ನೋವು ನ್ಯಾಯವಾಗೇ ಇದೆ. ಆದ್ರೆ ಎಸ್ಸೆಸ್ಸೆಲ್ಸಿ ಆದ ತಕ್ಷಣ ಒಬ್ಬ ಮಂಗಳೂರು, ಇನ್ನೊಬ್ಬ ಮೈಸೂರು, ಮತ್ತೊಬ್ಬ ಬೆಂಗಳೂರು, ಪಿಯುಸಿಗೆ ಹೊರಟು ಹೋಗ್ತಾರೆ. ಚೆನ್ನಾಗಿ ಆಡೋರು ಸ್ಪೋರ್ಟ್ಸ್ ಹಾಸ್ಟೆಲಿಗೆ ಸೆಲೆಕ್ಟ್ ಆಗ್ತಾರೆ, ಅವರನ್ನ ನಾವೇ ಖುಷಿಯಿಂದ ಹೊಸ ಸ್ಟಿಕ್ ಕೊಟ್ಟು ಕಳಿಸಿದ್ದೀವಿ, ಮುಂದೇನೂ ಕಳಿಸ್ತೀವಿ. ಉಳಿಯೋ ಏಳೆಂಟು ಹುಡುಗರ ಜೊತೆ ಹದಿಮೂರು ವರ್ಷದ ಮಕ್ಕಳನ್ನ ಸೇರಿಸಿ ಹನ್ನೊಂದು ಮಾಡಿ ದೊಡ್ಡ ಟೀಮುಗಳ ಎದುರು ನಿಲ್ಲಿಸಿದ್ರೆ, ಸ್ಕೋರ್ ಏನಾಗಿತ್ತು ಅಂತ ನೀವೆಲ್ಲ ನೋಡಿದ್ದೀರಿ, ಇಲ್ಲಿ ಬರೆಯಲ್ಲ. ಸೋತಿದ್ದಕ್ಕೆ ಟೀಮ್ ನಿಲ್ಲಿಸ್ತಿಲ್ಲ. ಹದಿಮೂರು ವರ್ಷದ ಕೀಪರ್ ಹುಡುಗಿ ಮೇಲೆ ಹದಿನೇಳು ವರ್ಷದವರ ಹೊಡೆತ ಬೀಳೋದನ್ನ ಇನ್ನೊಂದು ಸೀಸನ್ ನೋಡ್ತಾ ನಿಲ್ಲಕ್ಕಾಗಲ್ಲ ಅಂತ ನಿಲ್ಲಿಸ್ತಿದ್ದೀವಿ. ಈಗಿರೋ ದೊಡ್ಡ ಹುಡುಗರು ಅಂಡರ್-14 ಜೊತೆ ಟರ್ಫಿಗೆ ಬರಬಹುದು, ಪ್ರಾಕ್ಟೀಸ್ ಅವರಿಗೂ ಇದೆ, ಚಿಕ್ಕವರಿಗೆ ಹೇಳಿಕೊಡೋಕೆ ಬಂದ್ರೆ ಅವರ ಬಸ್ ಖರ್ಚು ನಮ್ಮದು.

ಇನ್ನು ದುಡ್ಡಿನ ವಿಚಾರ, ಇಲ್ಲಿ ನಮಗೆ ನಿಜವಾಗ್ಲೂ ನೋವಾಗಿದೆ. ಜಿಎಸ್‌ಟಿ ಇಳೀತಲ್ಲ, ಸ್ಟಿಕ್ ರೇಟ್ ಯಾಕೆ ಇಳಿದಿಲ್ಲ ಅಂತಾರೆ. 2025ರ ಸೆಪ್ಟೆಂಬರ್ 22ಕ್ಕೆ ಸ್ಪೋರ್ಟ್ಸ್ ಐಟಂ ಮೇಲೆ 12 ಪರ್ಸೆಂಟ್ ಇದ್ದದ್ದು 5 ಆಯ್ತು, ನಾವು ಅದೇ ವಾರ ಬೋರ್ಡ್ ಬದಲಾಯಿಸಿದ್ದೀವಿ, ಆಗಿನ ಬಿಲ್ ಇದ್ರೆ ತೆಗೆದು ನೋಡಿ. ಆಮೇಲೆ ಜಲಂಧರಿಂದ ಬರೋ ಮಾಲಿಗೇ ರೇಟ್ ಏರಿದ್ರೆ ನಾವೇನು ಮಾಡೋಣ. ಆನ್‌ಲೈನಲ್ಲಿ ಕಮ್ಮಿಗೆ ತಗೊಂಡು ಗ್ರಿಪ್ ಹಾಕಿಸೋಕೆ ನಮ್ಮ ಹತ್ರಾನೇ ತರ್ತಾರೆ, ಯಾರಿಗೂ ಇಲ್ಲ ಅಂದಿಲ್ಲ, ಚೆನ್ನಾಗೇ ಹಾಕಿಕೊಟ್ಟಿದ್ದೀವಿ. ಕೀಪರ್ ಕಿಟ್ ಅಂದ್ರೆ ಹೆಲ್ಮೆಟ್, ಲೆಗ್ ಗಾರ್ಡ್, ಪಾದಕ್ಕೆ ಹಾಕೋ ಕಿಕ್ಕರ್, ಚೆಸ್ಟ್ ಗಾರ್ಡ್, ಗ್ಲೌಸ್, ಒಂದು ಸೆಟ್ಟಿನ ದುಡ್ಡಲ್ಲಿ ಇಡೀ ಟೀಮಿಗೆ ಮರದ ಸ್ಟಿಕ್ ಕೊಡಿಸಬಹುದು. ಮಳೆಗಾಲದಲ್ಲಿ ಲೆಗ್ ಗಾರ್ಡಿನ ಫೋಮ್ ಒಣಗೋದೇ ಇಲ್ಲ, ಒಲೆ ಮೇಲಿನ ಅಟ್ಟದಲ್ಲಿ ನೇತು ಹಾಕಿದ್ರೂ ಆಗಸ್ಟ್ ಹೊತ್ತಿಗೆ ಒಳಗಿಂದ ಬೂಷ್ಟು ಹಿಡಿದು, ಹೊಲಿಗೆ ಬಿಟ್ಟು, ಕೈಯಲ್ಲಿ ಹಿಚುಕಿದ್ರೆ ಪುಡಿ ಉದುರುತ್ತೆ. ಮತ್ತೆ ಹೊಸದು. ಇದನ್ನ ಯಾರೂ ಲೆಕ್ಕ ಹಿಡಿಯಲ್ಲ.

ಟರ್ಫಿಗೆ ಸ್ಲಾಟ್ ಬಾಡಿಗೆ ಇದೆ, ಟರ್ಫ್ ಶೂ ಬೇರೇನೇ ಬೇಕು, ಫುಟ್ಬಾಲ್ ಸ್ಟಡ್ ಹಾಕ್ಕೊಂಡು ಹತ್ತೋ ಹಾಗಿಲ್ಲ. ಮಕ್ಕಳ ಕಾಲು ಒಂದೇ ವರ್ಷಕ್ಕೆ ಬೆಳೆಯುತ್ತೆ, ಹಾಗಾಗಿ ಅಂಗಡಿಯಲ್ಲಿ ಶೂ ರ್‍ಯಾಕ್ ಇಡ್ತೀವಿ, ಚಿಕ್ಕದಾದ ಶೂ ತಂದಿಟ್ಟು ದೊಡ್ಡದು ತಗೊಂಡು ಹೋಗಬಹುದು, ನಿಮ್ಮನೆ ಮಕ್ಕಳದ್ದು ಸುಮ್ನೆ ಬಿದ್ದಿದ್ರೆ ದಯವಿಟ್ಟು ತಂದುಕೊಡಿ. ಎಲ್ಲಕ್ಕಿಂತ ದೊಡ್ಡ ಖರ್ಚು ವ್ಯಾನು. ಡೀಸೆಲ್ 2025ರ ಏಪ್ರಿಲಲ್ಲಿ ರಾಜ್ಯದ ಟ್ಯಾಕ್ಸ್ ಏರಿದಾಗಲೇ ಲೀಟರಿಗೆ 91 ಮುಟ್ಟಿತ್ತು. ಆದ್ರೂ ವ್ಯಾನ್ ಬಿಡಲ್ಲ, ಯಾಕಂದ್ರೆ ನಮ್ಮ ಟೀಮಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಲೈನ್ ಮನೆಯೋರು, ಅಂದ್ರೆ ತೋಟದ ಕೆಲಸದವರ ಮಕ್ಕಳು. ಅವರಿಗೆ ಆಡೋಕೆ ಫ್ಯಾಮಿಲಿ ಕಪ್ ಇಲ್ಲ, ಕೊಡಿಸೋಕೆ ಮಾವ ಚಿಕ್ಕಪ್ಪ ಇಲ್ಲ, ಅವರಿಗಿರೋದು ಈ ಒಂದೇ ಟೀಮು. ಮನೆಯಲ್ಲಿ ಕಾರಿರೋ ಮಕ್ಕಳು ಪೊನ್ನಂಪೇಟೆಗೆ ಹೇಗೋ ಬರ್ತಾರೆ, ಈ ಮಕ್ಕಳು ವ್ಯಾನ್ ಇಲ್ದಿದ್ರೆ ಅವತ್ತೇ ಸ್ಟಿಕ್ ಬಿಡ್ತಾರೆ. "ಊರಲ್ಲಿದ್ದಿದ್ರೆ ಅವರು ನಡ್ಕೊಂಡೇ ಬರ್ತಿದ್ರಲ್ಲ" ಅಂತ ಒಬ್ಬರು ಅಣ್ಣ ಕೇಳಿದ್ರು, ಒಳ್ಳೇ ಪ್ರಶ್ನೆ. ಬರ್ತಿದ್ರು, ಸಾಯಂಕಾಲ ಆರರ ಮೇಲೆ ತೋಟದ ರೋಡಲ್ಲಿ ಆನೆ ಭಯದಲ್ಲಿ ವಾಪಸ್ ಓಡ್ತಿದ್ರು, ಎಷ್ಟೋ ಸಲ ನಾವೇ ಜೀಪಲ್ಲಿ ಬಿಟ್ಟು ಬಂದಿದ್ದೀವಿ. ಇನ್ಮುಂದೆ ವ್ಯಾನ್ ಲೈನ್ ಗೇಟ್ ತನಕ ಹೋಗುತ್ತೆ, ಕತ್ತಲಾಗೋ ಮೊದಲು ಪ್ರತಿಯೊಂದು ಮಗು ಮನೆ ಸೇರಿರುತ್ತೆ, ಇದಕ್ಕೆ ನಾನೇ ಜವಾಬ್ದಾರಿ. ಆನೆ ಓಡಾಟ ಇದೆ ಅಂತ ಅರಣ್ಯ ಇಲಾಖೆ ಮೆಸೇಜ್ ಬಂದ ದಿನ ಪ್ರಾಕ್ಟೀಸ್ ಇರಲ್ಲ.

ಕಾರ್ಡಿನ ಜಾಸ್ತಿ 300 ರೂಪಾಯಿ ಪೂರ್ತಿ ಈ ವ್ಯಾನಿಗೆ. ಬೇರೆ ಯಾವುದಕ್ಕೂ ಮುಟ್ಟಲ್ಲ, ತಿಂಗಳ ಡೀಸೆಲ್ ಬಿಲ್ ಅಂಗಡಿ ಬಾಗಿಲಿಗೆ ಅಂಟಿಸ್ತೀವಿ.

ಟೀಮೇ ಮುಚ್ಚಿ, ಅಂಗಡಿ ನೋಡ್ಕೊಳ್ಳಿ ಅಂತ ಪ್ರೀತಿಯಿಂದ ಹೇಳಿದೋರೂ ಇದ್ದಾರೆ, ನಮ್ಮ ಆರೋಗ್ಯ ನೋಡಿ ಹೇಳಿದ್ದು ಅಂತ ಗೊತ್ತು. ಆಗಲ್ಲ ಅಣ್ಣ. ಬೆಳಿಗ್ಗೆ ಶಟರ್ ಎತ್ತೋ ಮೊದಲೇ ಮೆಟ್ಟಿಲ ಮೇಲೆ ಇಬ್ಬರು ಮೂವರು ಮಕ್ಕಳು ಯೂನಿಫಾರ್ಮಲ್ಲಿ ಕೂತಿರ್ತಾರೆ, ಸ್ಕೂಲ್ ಬಸ್ ಬರೋ ತನಕ ಸ್ಟಿಕ್ ಮುಟ್ಟಿ ಹೋಗೋಕೆ. ಅವರಿಗೆ ಟೀಮ್ ಇಲ್ಲ ಅಂತ ಹೇಳೋಕೆ ನಮ್ಮ ಬಾಯಿ ಬರಲ್ಲ.

ಈಗಾಗ್ಲೇ 600 ಕೊಟ್ಟು ಕಾರ್ಡ್ ತಗೊಂಡೋರು ಅವಧಿ ಮುಗಿಯೋ ತನಕ ಏನೂ ಜಾಸ್ತಿ ಕೊಡೋದು ಬೇಡ, ಡಿಸ್ಕೌಂಟ್ ಅದೇ ಇರುತ್ತೆ. ಟೀಮ್ ಊರಲ್ಲಿಲ್ಲ ಅಂದ್ರೆ ನಮಗೆ ಕಾರ್ಡ್ ಬೇಡ ಅನ್ನೋರು ಮೇ ಕೊನೆಯೊಳಗೆ ಬನ್ನಿ, ಪೂರ್ತಿ ದುಡ್ಡು ವಾಪಸ್ ಕೊಡ್ತೀವಿ, ಯಾಕೆ ಅಂತ ಕೇಳಲ್ಲ, ಮುಖ ಸಣ್ಣ ಮಾಡಲ್ಲ. ಮ್ಯಾಚ್ ದಿನ ವ್ಯಾನಲ್ಲಿ ಮುಂದಿನ ಎರಡು ಸಾಲು ವಯಸ್ಸಾದವರಿಗೆ, ಬೇಲಿ ಪಕ್ಕ ನಿಂತು ನೋಡ್ತಿದ್ದ ಅಂಕಲ್‌ಗಳು ಶನಿವಾರ ಸಾಯಂಕಾಲದೊಳಗೆ ಅಂಗಡಿಗೆ ಹೇಳಿಬಿಟ್ರೆ ಸೀಟ್ ಹಿಡಿದಿಡ್ತೀವಿ, ಟಿಕೆಟ್ ಇಲ್ಲ. ಅಂಡರ್-14ಕ್ಕೆ ಸೇರಿಸೋರು ಮಗುವಿನ ಬರ್ತ್ ಸರ್ಟಿಫಿಕೇಟ್ ಜೆರಾಕ್ಸ್ ತನ್ನಿ, ಫೀಸ್ ಇಲ್ಲ, ಸ್ಟಿಕ್ ಇಲ್ದಿದ್ರೂ ಪರವಾಗಿಲ್ಲ. ಕೀಪರ್ ಆಗೋಕೆ ಆಸೆ ಇರೋ ಮಕ್ಕಳಿದ್ರೆ ಮೊದಲು ಕಳಿಸಿ, ಒಬ್ಬಳೇ ಇದ್ದಾಳೆ.

ಇಂತಿ ನಿಮ್ಮ,
ಅಂಗಡಿಯವರು ಮತ್ತು ಟೀಮ್ ನೋಡ್ಕೊಳ್ಳೋರು