ಸದಾಶಿವಗಡದ ಸ್ಪಿಟ್‌ಫೈರ್: ಗೆಳೆಯನಿಗೊಂದು ಪತ್ರ

ಕಾರವಾರ

ಪ್ರಿಯ ಗೆಳೆಯಾ,

ನೀನು ಹೇಳಿದಂತೆ ಮೊನ್ನೆ ಭಾನುವಾರ ಬೆಳಿಗ್ಗೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ ಆ ಕಾರನ್ನು ನೋಡಿಕೊಂಡು ಬಂದೆ. ಒಂದು ಗಂಟೆಯಲ್ಲಿ ಮುಗಿಯುತ್ತದೆಂದು ಹೋದವನು ಮಧ್ಯಾಹ್ನದವರೆಗೂ ಅಲ್ಲೇ ಇದ್ದೆ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಎರಡು ವರ್ಷದ ಅಡಿಕೆಯ ದುಡ್ಡನ್ನು ನೀನು ಇದಕ್ಕೆ ತೆಗೆದಿಟ್ಟಿರುವೆಯೆಂದು ಗೊತ್ತಿರುವುದರಿಂದ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಕಾರು ನಿಂತಿರುವುದು ಚಿರೆಕಲ್ಲಿನ ಒಂದು ಹಳೆಯ ಶೆಡ್ಡಿನಲ್ಲಿ. ಹೆಂಚು ಸರಿದು ಒಂದು ಮೂಲೆ ಸೋರುತ್ತದೆ, ಹೊಳೆ ಅಲ್ಲಿಂದ ಕೂಗಳತೆಯ ದೂರದಲ್ಲಿದೆ. ಆರ್‌ಸಿ ಪುಸ್ತಕದ ಪ್ರಕಾರ ಅದು 1966ರ ಟ್ರಯಂಫ್ ಸ್ಪಿಟ್‌ಫೈರ್, ಇಂಗ್ಲೆಂಡಿನ ಎರಡು ಸೀಟಿನ ತೆರೆದ ಕಾರು; ಮಾರ್ಕ್ 2 ಮಾದರಿ, 1147 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್. ಇಟಲಿಯ ಜೊವಾನಿ ಮಿಕೆಲೊಟ್ಟಿ ಬಿಡಿಸಿದ ಆ ಗೆರೆಗಳು ಇಷ್ಟು ವರ್ಷಗಳ ಧೂಳಿನಡಿಯಲ್ಲಿಯೂ ಎದ್ದು ಕಾಣುತ್ತವೆ. ಬಾನೆಟ್ ಎತ್ತಿದಾಗ ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡು ಎಂಜಿನ್ನೂ ಮುಂದಿನ ಚಕ್ರಗಳೂ ಬಯಲಾದವು. ಅದನ್ನು ನೋಡಿದ ಮೇಲೆ, ನೀನು ಆ ಫೋಟೋವನ್ನು ಮೂರು ಸಲ ಯಾಕೆ ಕಳಿಸಿದೆಯೆಂದು ನನಗೆ ಅರ್ಥವಾಯಿತು.

ಕಾರಿನ ಮನೆಯವರು ಕೇಳುತ್ತಿರುವುದು ನಾಲ್ಕು ಲಕ್ಷ. ಅದನ್ನು ಸದ್ಯಕ್ಕೆ ಬದಿಗಿಡು, ಏಕೆಂದರೆ ಈ ಕಾರಿನ ಬೆಲೆ ಇರುವುದು ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್‌ಗಳಲ್ಲಿ. ನಮ್ಮ ಹೆರಾಲ್ಡ್ ಕಾರಿಗೂ ಇದಕ್ಕೂ ಮೂಲ ಒಂದೇ, ಎರಡಕ್ಕೂ ಬಾಡಿಯ ಅಡಿಯಲ್ಲಿ ಪ್ರತ್ಯೇಕ ಷಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಇದೆ ಎಂಬುದು ನಿಜ. ಆದರೆ ಹೆರಾಲ್ಡಿನಲ್ಲಿ ಷಾಸಿಯ ಕೈಗಳು ಬದಿಯವರೆಗೂ ಚಾಚಿಕೊಂಡು ಬಾಡಿಯನ್ನು ಹೊರುತ್ತವೆ. ಸ್ಪಿಟ್‌ಫೈರಿನಲ್ಲಿ ಷಾಸಿ ನಡುವಿನ ಬೆನ್ನೆಲುಬು ಮಾತ್ರ, ಬದಿಯ ಭಾರವನ್ನೆಲ್ಲ ಹೊರುವುದು ಬೆಸುಗೆ ಹಾಕಿದ ಸಿಲ್‌ಗಳೇ. ಅದರಲ್ಲಿಯೂ ಹೊರಗಿನದು, ಒಳಗಿನದು ಮತ್ತು ನಡುವೆ ಕಣ್ಣಿಗೆ ಬೀಳದೆ ಕೂತ ಬಲವರ್ಧಕ ತಗಡು ಎಂದು ಮೂರು ಪದರಗಳಿವೆ. ನೀರು ಒಮ್ಮೆ ಆ ಸಂದಿಗೆ ಇಳಿದರೆ ಹೊರಬರುವ ದಾರಿಯಿಲ್ಲ.

ಎಡಬದಿಯ ಸಿಲ್ಲಿಗೆ ಬಣ್ಣ ಚೆನ್ನಾಗಿಯೇ ಇತ್ತು. ಆಯಸ್ಕಾಂತ ಹಿಡಿದು ನೋಡಿದೆ, ಮುಂದಿನ ಒಂದು ಗೇಣು ಬಿಟ್ಟರೆ ಎಲ್ಲಿಯೂ ಕಚ್ಚಲಿಲ್ಲ. ಹಾಗೆಂದರೆ ಒಳಗಿರುವುದು ಬರೀ ಪುಟ್ಟಿ. ಮನೆಯವರ ಅನುಮತಿ ಪಡೆದು ಸ್ಕ್ರೂಡ್ರೈವರಿನ ತುದಿಯನ್ನು ಹಗುರಾಗಿ ಒತ್ತಿದೆ. ಅದು ಹಿಡಿಯವರೆಗೂ ಒಳಗೆ ಹೋಯಿತು, ಎಳೆದಾಗ ತುಕ್ಕಿನ ಹಾಳೆಗಳು ಹಪ್ಪಳದಂತೆ ಮುರಿದು ನೆಲಕ್ಕೆ ಸುರಿದವು. ಬಳಿಕ ಬಾಗಿಲಿನ ಸಂದುಗಳನ್ನು ಬೆರಳಿಟ್ಟು ನೋಡಿದೆ: ಕೆಳಗೆ ಕಿರುಬೆರಳು ತೂರುತ್ತದೆ, ಮೇಲೆ ಪೋಸ್ಟ್‌ಕಾರ್ಡ್ ಕೂಡ ತೂರುವುದಿಲ್ಲ. ಬಾಡಿ ನಡುವಿನಲ್ಲಿ ಬಾಗಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಬಲಬದಿ ಇಷ್ಟು ಕೆಟ್ಟಿಲ್ಲ. ಚಾಲಕನ ಕಾಲಡಿಯ ನೆಲ ಹೋಗಿದೆ. ನಡುವಿನ ಷಾಸಿಯನ್ನು ಸುತ್ತಿಗೆಯಿಂದ ತಟ್ಟುತ್ತಾ ಉದ್ದಕ್ಕೂ ಬಂದೆ, ಗಟ್ಟಿಯಾದ ಸದ್ದೇ ಬಂತು, ಅದು ದೊಡ್ಡ ಸಮಾಧಾನ.

ಈ ಸಿಲ್‌ಗಳನ್ನು ಬದಲಿಸುವುದು ಎಲ್ಲ ಟಿಂಕರ್‌ಗಳ ಕೈಗೆ ಬಗ್ಗುವ ಕೆಲಸವಲ್ಲ. ಬಾಡಿಯನ್ನು ಷಾಸಿಯ ಮೇಲೆಯೇ ಬಿಟ್ಟು, ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು ಭದ್ರಪಡಿಸಿ, ಒಂದೊಂದೇ ಬದಿಯನ್ನು ಕತ್ತರಿಸಿ, ಪ್ರತಿ ಹಂತದಲ್ಲಿಯೂ ಬಾಗಿಲು ಹಾಕಿ ನೋಡಿಯೇ ಮುಂದುವರಿಯಬೇಕು. ಆತುರದಲ್ಲಿ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಾರು ನಡುಮುರಿದು ಕೂರುತ್ತದೆ, ಮತ್ತೆ ಯಾವ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಇಂಗ್ಲೆಂಡಿನಲ್ಲಿ ಈಗಲೂ ಹೊಸ ಸಿಲ್‌ಗಳನ್ನು ತಯಾರಿಸಿ ಮಾರುತ್ತಾರೆ. ಅವುಗಳನ್ನು ಸಾಗಣೆ, ಸುಂಕ ಸೇರಿಸಿ ತರಿಸಲು ನನ್ನ ಲೆಕ್ಕದಲ್ಲಿ ಒಂದೂಕಾಲು ಲಕ್ಷ, ಬೆಸುಗೆ ಮತ್ತು ಟಿಂಕರಿಂಗಿಗೆ ಎರಡು ಲಕ್ಷ, ಬಣ್ಣಕ್ಕೆ ಒಂದೂವರೆ ಲಕ್ಷ ಬೇಕು. ಬಾಡಿಯೊಂದಕ್ಕೇ ನಾಲ್ಕು ಮುಕ್ಕಾಲು ಲಕ್ಷವಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುವ ಮಾತು ಇಲ್ಲಿಂದಲೇ ಶುರುವಾಗುತ್ತದೆ.

ಎಂಜಿನ್ನಿನ ಸುದ್ದಿ ಒಳ್ಳೆಯದು. ಪ್ಲಗ್ ಬಿಚ್ಚಿ, ಒಳಗೆ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಮೊದಲು ಕಾಲು ಸುತ್ತು, ಆಮೇಲೆ ಪೂರ್ತಿ ಸುತ್ತು ತಿರುಗಿತು. ಈ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟನ್ನು, ಅಂದರೆ ಒಳಗೆ ತಿರುಗುವ ಮುಖ್ಯ ದಂಡವನ್ನು, ಅದರ ಜಾಗದಲ್ಲಿ ಹಿಡಿದಿಡುವ ಥ್ರಸ್ಟ್ ವಾಷರ್ ಸವೆದು ಕಳಚಿ ಬೀಳುವುದುಂಟು, ಬಿದ್ದರೆ ಬ್ಲಾಕೇ ಹಾಳು. ಕ್ಲಚ್ ಪೆಡಲ್ ಒತ್ತಿ ಪುಲ್ಲಿ ಸರಿಯುವುದೇ ಎಂದು ನೋಡುವುದು ವಾಡಿಕೆ. ಇಲ್ಲಿ ಕ್ಲಚ್ಚಿನ ಆಯಿಲ್ ಒಣಗಿಹೋಗಿದ್ದರಿಂದ ಸಲಾಕೆಯಿಂದ ಪುಲ್ಲಿಯನ್ನೇ ಹಿಂದೆ ಮುಂದೆ ಮೀಟಿದೆ, ಕಣ್ಣಿಗೆ ಕಾಣುವಷ್ಟು ಆಡಲಿಲ್ಲ. ಬಿಚ್ಚಿ ಕಟ್ಟಲು 1 ಲಕ್ಷ 20 ಸಾವಿರ ಇಟ್ಟಿದ್ದೇನೆ. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲಾದ್ದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಬ್ಯುರೇಟರಿನ ಸೀಲುಗಳನ್ನೂ ಬದಲಿಸುವುದು ಅದರಲ್ಲಿ ಸೇರಿದೆ.

ಬ್ರೇಕು ಮತ್ತು ಮುಂದಿನ ಚಕ್ರಗಳ ಕೆಲಸಕ್ಕೆ 90 ಸಾವಿರ ಎಂದು ಬರೆದುಕೊಂಡಿದ್ದೇನೆ, ಈ ಬಾಬಿನಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನೋಡಬೇಡ. ನನ್ನ ಹೆರಾಲ್ಡಿನ ಕಥೆ ನಿನಗೆ ಅರ್ಧ ಗೊತ್ತು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಟ್ರನಿಯನ್ ಎಂಬ ಕಂಚಿನ ಬುಡದ ಒಳಗೆ ತಿರುಪಿನಂತೆ ಕೂತ ಒಂದು ಉಕ್ಕಿನ ಕಂಬದ ಮೇಲೆ. ಅದಕ್ಕೆ ಹಾಕಬೇಕಾದದ್ದು 90 ನಂಬರಿನ ಗೇರ್ ಆಯಿಲ್, ಗ್ರೀಸ್ ಅಲ್ಲ. ಅಲ್ಲಿ ಗ್ರೀಸ್ ನಿಪ್ಪಲ್ಲಿನಂಥದ್ದೇ ಇರುವುದರಿಂದ ಒಂದು ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಗ್ರೀಸನ್ನೇ ತುಂಬಿದರು, ನಾನೂ ಕೇಳಲಿಲ್ಲ. ಬಿಣಗಾದ ತಿರುವಿನಲ್ಲಿ, ನಿಧಾನವಾಗಿ ಹೋಗುತ್ತಿದ್ದಾಗಲೇ, ಒಳಗೆ ನೀರು ಇಳಿದು ತುಕ್ಕು ತಿಂದಿದ್ದ ಕಂಬ ಪಟ್ಟನೆ ಮುರಿದು ಎಡಚಕ್ರ ಹೊರಕ್ಕೆ ಮಗುಚಿ ಬಿದ್ದಿತು. ಪಕ್ಕದಲ್ಲಿ ಮಗಳಿದ್ದಳು. ಸ್ಪಿಟ್‌ಫೈರಿಗೂ ಅದೇ ಜೋಡಣೆ, ನೀನು ಓಡಿಸಬೇಕೆಂದಿರುವುದು ದೇವಿಮನೆ ಘಟ್ಟದಲ್ಲಿ. ಹೆರಾಲ್ಡನ್ನು 1961ರಿಂದ ಮದ್ರಾಸಿನಲ್ಲಿಯೇ ತಯಾರಿಸುತ್ತಿದ್ದುದರಿಂದ ಅದರ ಕೆಲವು ಹಳೆಯ ಸಾಮಾನು ಇನ್ನೂ ಅಲ್ಲಿ ಇಲ್ಲಿ ಸಿಗುತ್ತದೆ, ಇದಕ್ಕೂ ಹೊಂದುತ್ತದೆ; ಆದರೆ ಈ ಕಂಬ, ಟ್ರನಿಯನ್‌ಗಳನ್ನು ಮಾತ್ರ ಹೊಸದೇ ಕೊಳ್ಳಬೇಕು.

ಹುಡ್ಡು ಅಂದರೆ ಮಡಚುವ ಮೇಲ್ಛಾವಣಿ, ಮತ್ತು ಸೀಟುಗಳಿಗೆ ಒಂದು ಲಕ್ಷ. ವೈರಿಂಗ್ ಮತ್ತು ಟೈರುಗಳಿಗೆ 65 ಸಾವಿರ. ವೈರಿಂಗ್ ಮಾಡುವವರಿಗೆ ಈ ಕಾರಿನಲ್ಲಿ ಈಗಿನ ಕಾರುಗಳಂತೆ ನೆಗೆಟಿವ್ ಅಲ್ಲ, ಬ್ಯಾಟರಿಯ ಪಾಸಿಟಿವ್ ತಂತಿಯೇ ಕಾರಿನ ಬಾಡಿಯ ತಗಡಿಗೆ ಅರ್ತ್ ಆಗಿರುತ್ತದೆ ಎಂದು ಮೊದಲೇ ಹೇಳಬೇಕು.

ಇನ್ನು ಕಾಗದಪತ್ರ. ಕಾರು ತೀರಿಕೊಂಡ ಯಜಮಾನರ ಹೆಸರಿನಲ್ಲಿಯೇ ಇದೆ, ನೋಂದಣಿಯ ಅವಧಿ ಎಂದೋ ಮುಗಿದಿದೆ, ಮಕ್ಕಳು ಮೂವರು ಮೂರು ಊರಿನಲ್ಲಿದ್ದಾರೆ. ಅವರಲ್ಲೊಬ್ಬರು 31ನೇ ನಮೂನೆಯ ಅರ್ಜಿ ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಉಳಿದವರು ಒಪ್ಪಿಗೆ ಬರೆದುಕೊಡಬೇಕು. ಅದಾಗುವವರೆಗೂ ಮುಂಗಡವೆಂದು ಐದು ಸಾವಿರವನ್ನೂ ಕೊಡಬೇಡ. 2021ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು 20 ಸಾವಿರ ಶುಲ್ಕ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು ಎಂದು ನೀನು ಹೇಳಿದ್ದು ಸರಿ. ಆದರೆ ಹಾಗೆ ಮಾಡಿದರೆ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಹೊರಗೆ ತೆಗೆಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಸಂಜೆ ಮನಸ್ಸಾದಾಗ ಗೋಕರ್ಣಕ್ಕೆ ಹೋಗಿ ಬರುವುದು ನಿನ್ನ ಆಸೆಯಾದರೆ ಆ ನೋಂದಣಿ ನಿನಗೆ ಒಗ್ಗುವುದಿಲ್ಲ. ಸಾಮಾನ್ಯ ನೋಂದಣಿಯನ್ನೇ ನವೀಕರಿಸಬೇಕೆಂದರೆ, 20 ವರ್ಷ ದಾಟಿದ ಆಮದು ಕಾರಿಗೆ 2025ರ ಆಗಸ್ಟ್‌ನಿಂದ ಶುಲ್ಕ 80 ಸಾವಿರ. ಮಾರುತಿ ಎಂಜಿನ್ ಕೂರಿಸಿದರೆ ಅಗ್ಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಎಂಜಿನ್ ಬದಲಾದರೆ ಮುಂದೆ ಎಂದಾದರೂ ವಿಂಟೇಜ್ ಮಾಡಿಸುವ ದಾರಿಯೂ ಮುಚ್ಚುತ್ತದೆ, ಕಾರಿನ ಜೀವವೂ ಹೋಗುತ್ತದೆ.

ಈ ನವೀಕರಣದ ಶುಲ್ಕವೂ ಸೇರಿ ಎಲ್ಲ ಕೂಡಿಸಿದರೆ 9 ಲಕ್ಷ 30 ಸಾವಿರ. ಬಿಚ್ಚಿದ ಮೇಲೆ ಕಾಣಿಸಿಕೊಳ್ಳುವ ಹಾನಿಗೆ ಕಾಲು ಪಾಲನ್ನಾದರೂ ಸೇರಿಸಲೇಬೇಕು, ಆಗ ಹನ್ನೊಂದೂವರೆ ಲಕ್ಷ ದಾಟುತ್ತದೆ. ಅವರು ಕೇಳುವ ನಾಲ್ಕು ಲಕ್ಷವನ್ನು ಅದರ ಮೇಲಿಟ್ಟರೆ, ಮಾರಿದಾಗ ಆ ಹಣ ಮರಳಿ ಬರುತ್ತದೆಂಬ ಆಸೆಯನ್ನು ನಾನು ನಿನಗೆ ಕೊಡಲಾರೆ. ಷಾಸಿ ಮತ್ತು ಎಂಜಿನ್ ಚೆನ್ನಾಗಿರುವ, ಬಾಡಿ ಹೋಗಿರುವ ಕಾರಿಗೆ ಒಂದೂವರೆ ಲಕ್ಷ ಸರಿಯಾದ ಬೆಲೆ. ಅಷ್ಟಕ್ಕೆ ಒಪ್ಪಿ, ಕಾಗದಪತ್ರ ಮಾಡಿಕೊಟ್ಟರೆ ತೆಗೆದುಕೋ, ಮೂರು ವರ್ಷ ನಿಧಾನವಾಗಿ ಮಾಡಿಸು. ನಿನಗೆ ಅದು ಬೇಕಿರುವುದು ಮಾರುವುದಕ್ಕಲ್ಲ, ಓಡಿಸುವುದಕ್ಕೆ ಎಂದು ಬಲ್ಲೆ. ಎರಡು ಲಕ್ಷ ದಾಟಿದರೆ ಎದ್ದು ಬಾ. ಅದು ಆ ಶೆಡ್ಡಿನಲ್ಲಿ ಇನ್ನೊಂದು ಮಳೆಗಾಲ ಕಳೆಯುವುದು ನನಗೂ ಸಂಕಟದ ವಿಷಯವೇ, ಆದರೂ ಎದ್ದು ಬಾ.

ಯಜಮಾನರ ಹಿರಿಯ ಮಗ ಮುಂದಿನ ಶನಿವಾರ ಊರಿಗೆ ಬರುತ್ತಾರಂತೆ. ಅಡಿಕೆ ಕೆಲಸ ಬಿಟ್ಟು ಬರಲು ಆದರೆ ಬೆಳಗಿನ ಬಸ್ಸಿಗೆ ಹೊರಡು, ಇಬ್ಬರೂ ಕೂಡಿ ಹೋಗೋಣ. ಬಲಬದಿಯ ಸಿಲ್ಲನ್ನು ಅಡಿಯಿಂದ ನೋಡುವುದು ಬಾಕಿಯಿದೆ, ಹಳೆಯ ಬಟ್ಟೆ ಮತ್ತು ಒಳ್ಳೆಯ ಟಾರ್ಚ್ ತಾ. ಜಾಕ್ ನಾನು ತರುತ್ತೇನೆ.

ನಿನ್ನ ಗೆಳೆಯ