ಶಾಲೆ ಹಿಂದಿನ ಟವರ್ ಬಗ್ಗೆ ಪೋಷಕರಿಗೆ ಪತ್ರ

ಪೋಷಕ ಬಂಧುಗಳೇ, ನಮಸ್ಕಾರ.

ಶಾಲೆ ಹಿಂದಿನ ಹೊಲದಲ್ಲಿ ಮೊಬೈಲ್ ಟವರ್ ಎದ್ದಾಗಿನಿಂದ ‘ಅದರಿಂದ ಮಕ್ಕಳಿಗೆ ತೊಂದರೆಯಾಗುತ್ತದಾ’ ಅಂತ ನೀವು ಸಿಕ್ಕಲ್ಲೆಲ್ಲ ಕೇಳುತ್ತಿದ್ದೀರಿ. ‘ಅದನ್ನು ತೆಗೆಸೋವರೆಗೂ ಮಕ್ಕಳನ್ನು ಕಳಿಸೋದಿಲ್ಲ’ ಅಂತ ಕೆಲವರು ಹೇಳಿಯೂ ಬಿಟ್ಟಿದ್ದೀರಿ. ದಯವಿಟ್ಟು ಶಾಲೆ ಬಿಡಿಸಬೇಡಿ. ಪರೀಕ್ಷೆ ಹತ್ತಿರ ಬಂದಿದೆ. ಟವರ್ ತುದಿಯ ಬಗ್ಗೆ ನನಗೆ ಅಂಥ ಭಯ ಇಲ್ಲ. ಬುಡದ ಬಗ್ಗೆ ಇದೆ.

ಮೊದಲು ತುದಿಯ ವಿಷಯ. ಅಲ್ಲಿಂದ ಬರೋದು ರೇಡಿಯೋ ತರಂಗ. ಎಕ್ಸ್‌ರೇ ಹಾಗೆ ಮೈಯೊಳಗಿನ ಅಣುಗಳನ್ನು ಒಡೆಯುವ ಕಸುವು ಅದಕ್ಕಿಲ್ಲ. ತುಂಬಾ ಜೋರಾಗಿದ್ದರೆ ಮೈ ಬಿಸಿಯಾಗುತ್ತದೆ, ಅದು ಗೊತ್ತಿರುವ ತೊಂದರೆ. ಹಾಗಾಗದಿರಲಿ ಅಂತಲೇ ಮಿತಿ ಇಟ್ಟಿದ್ದಾರೆ. 2012ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶ ಆ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಚದರ ಮೀಟರಿಗೆ 0.45 ವ್ಯಾಟ್. ನಮ್ಮ ಗಂಗಾವತಿ ಕಡೆಯ ನಡುಮಧ್ಯಾಹ್ನದ ಬಿಸಿಲು ಅಷ್ಟೇ ಜಾಗಕ್ಕೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಎರಡೂ ಬೇರೆ ಬೇರೆ ಕಿರಣ, ಸುಮ್ನೆ ಅಳತೆ ತಿಳಿಯಲಿ ಅಂತ ಹೇಳಿದೆ. ಆಂಟೆನಾಗಳು ತರಂಗವನ್ನು ಹೆಚ್ಚಾಗಿ ಅಡ್ಡಕ್ಕೆ ಬಿಡುತ್ತವೆ, ನೇರ ಕೆಳಕ್ಕಲ್ಲ. ದೂರ ಹೋದಂತೆ ತೀವ್ರತೆಯೂ ಬೇಗ ಇಳಿಯುತ್ತದೆ.

ಒಬ್ಬರು ವಾಟ್ಸಾಪ್ ತೋರಿಸಿ ‘ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಲ್ಲ ಸರ್’ ಅಂದರು. ಅದು ಅರ್ಧ ಸುದ್ದಿ. ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ‘ಇರಬಹುದೇನೋ, ಆದರೆ ಪುರಾವೆ ಸಾಲದು’ ಅನ್ನುವಂಥ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆಗ ಅವರು ಮುಖ್ಯವಾಗಿ ನೋಡಿದ್ದು ಕಿವಿಗಿಟ್ಟು ಮಾತಾಡುವ ಫೋನನ್ನು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಫೋನ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಇನ್ನು ಟವರ್‌ನಿಂದಲೇ ಮಕ್ಕಳ ಮೂಗಿನಿಂದ ರಕ್ತ ಬಂತು ಅನ್ನುವ ಮಾತು. ಮಾರ್ಚ್ ಬಿಸಿಲಿಗೆ ಮೂಗು ಒಣಗಿ ಹಾಗಾಗುವುದು ಟವರ್ ಬರುವ ಮುಂಚೆಯೂ ಇತ್ತು, ಅಲ್ವಾ? ನೀರಿನ ಬಾಟಲಿ ಕೊಟ್ಟು ಕಳಿಸಿ. ಪದೇ ಪದೇ ಬಂದರೆ ಡಾಕ್ಟರಿಗೆ ತೋರಿಸಿ.

ಮೈಗೆ ಅಂಟಿಕೊಂಡಿರುವ ಫೋನಿನಿಂದ ಬೀಳುವ ತರಂಗ ಸಾಮಾನ್ಯವಾಗಿ ಟವರ್‌ದಕ್ಕಿಂತ ಜಾಸ್ತಿ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಫೋನ್ ಇನ್ನೂ ಜೋರಾಗಿ ತರಂಗ ಬಿಡುತ್ತದೆ. ಟವರ್ ಬೇಡ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೋನಿನ ಬಗ್ಗೆ ನನ್ನ ತಕರಾರು ಮಾತ್ರ ಬೇರೆ: ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡಿದ ಹುಡುಗರು ಬೆಳಗಿನ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಾರೆ.

ಈಗ ಬುಡ. ಟವರ್ ಸುತ್ತಲಿನ ತಂತಿಬೇಲಿಯ ಗೇಟಿಗೆ ಬೀಗವಿಲ್ಲ, ಬೈಂಡಿಂಗ್ ವೈರ್ ಸುತ್ತಿದ್ದಾರೆ ಅಷ್ಟೇ. ನಮ್ಮ ಹುಡುಗರ ಚೆಂಡು ದಿನಾ ಒಳಗೆ ಬೀಳುತ್ತದೆ. ಮೊನ್ನೆ ಆರನೇ ತರಗತಿಯವನೊಬ್ಬ ವೈರ್ ಬಿಚ್ಚಿ ಒಳಗೆ ಹೋಗಿ ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ಕೂತಿದ್ದ. ಅಲ್ಲಿ ಕರೆಂಟ್ ಪೆಟ್ಟಿಗೆ ಇದೆ, ಬ್ಯಾಟರಿಗಳಿವೆ. ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಶುರುವಾಗಿ ಹೊಗೆಯೆಲ್ಲ ಚಿಕ್ಕ ಮಕ್ಕಳ ನಲಿಕಲಿ ಕೋಣೆಗೆ ನುಗ್ಗುತ್ತದೆ. ಆ ಹೊಗೆ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತ. 2012ರಲ್ಲೇ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮೊದಲನೇ ಗುಂಪಿಗೆ ಹಾಕಿದೆ. ಗೇಟಿಗೆ ಬೀಗ ಹಾಕಿ, ಹೊಗೆ ಕೊಳವೆ ಆಚೆ ತಿರುಗಿಸಿ ಅಂತ ಟವರ್‌ನವರಿಗೆ ಎರಡು ಸಲ ಬರೆದೆ. ಉತ್ತರ ಬಂದಿಲ್ಲ.

ಅದಕ್ಕೇ ಶನಿವಾರ ಶಾಲೆ ಬಿಟ್ಟ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದಿದ್ದೇವೆ. ಬೀಗ ಮತ್ತು ಹೊಗೆ ಬಗ್ಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಸಿದ್ಧವಿದೆ, ನಿಮ್ಮ ಸಹಿ ಬೇಕು. ತರಂಗ ಅಳೆಸಲೇಬೇಕು ಅನ್ನುವವರಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣ ಇದೆ. ಶುಲ್ಕ ಕಟ್ಟಿದರೆ ಅಧಿಕಾರಿಗಳೇ ಬಂದು ಅಳೆಯುತ್ತಾರೆ. ಶುಲ್ಕ ಶುರುವಿನಲ್ಲಿ 4,000 ರೂಪಾಯಿ ಇಟ್ಟಿದ್ದರು, ಮೇಲೆ ತೆರಿಗೆ. ಎಲ್ಲರೂ ಸೇರಿ ಹಾಕುವುದಾದರೆ ನನ್ನ ಪಾಲೂ ಇರುತ್ತದೆ. ಅಳತೆ ಮಿತಿ ಮೀರಿದ್ದರೆ ಟವರ್ ತೆಗೆಸಲು ನಾನೇ ಮುಂದೆ ನಿಲ್ಲುತ್ತೇನೆ.

ಬರುವಾಗ ಹೊಲದ ಮಾಲೀಕರನ್ನೂ ಕರೆತನ್ನಿ. ಬಾಡಿಗೆ ಕರಾರು ಅವರ ಹತ್ತಿರವೇ ಇದೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ