ಒತ್ತಕ್ಷರಕ್ಕೂ ಜಾಗ ಬೇಕು

ಮಾನ್ಯರೇ,

ಮೊನ್ನೆ ತಂದ ಕೀಟನಾಶಕದ ಬಾಟಲಿಯ ಮೇಲೆ ಇಂಗ್ಲಿಷ್, ಹಿಂದಿ, ಕನ್ನಡ ಮೂರೂ ಇದ್ದವು. ಇಂಗ್ಲಿಷ್ ಹೇಗೋ ಓದಿದೆ; ಕನ್ನಡದಲ್ಲಿ ‘ಪ’ ಯಾವುದು, ‘ಷ’ ಯಾವುದು ತಿಳಿಯಲಿಲ್ಲ. ವಿಷದ ಬಾಟಲಿ ಸ್ವಾಮಿ! ಮೂರಕ್ಕೂ ಒಂದೇ ಅಳತೆ ಕೊಟ್ಟರೆ, ಮೇಲೆ ಗುಣಿತ, ಕೆಳಗೆ ಒತ್ತು ಹೊತ್ತ ನಮ್ಮ ಅಕ್ಷರದ ಮೈ ಕುಗ್ಗುತ್ತದೆ. 1978ರಲ್ಲಿ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು ಮ್ಯಾಥ್ಯೂ ಕಾರ್ಟರ್ ರೂಪಿಸಿದ ‘ಬೆಲ್ ಸೆಂಟೆನಿಯಲ್’ ಎಂಬ ಅಕ್ಷರಶೈಲಿಯಲ್ಲಿ (ಫಾಂಟ್) ಗೆರೆಗಳು ಕೂಡುವ ಮೂಲೆಯನ್ನೇ ಕೊರೆದಿದ್ದರು, ಮಸಿ ಹರಡಿ ಮುಚ್ಚದಿರಲೆಂದು. ಸಣ್ಣ ಅಳತೆಯ ಕನ್ನಡಕ್ಕೂ ಅಂಥ ಕಾಳಜಿ ಬೇಕು.

ನಮ್ಮ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಬಹುಲಿಪಿ ಅಕ್ಷರಗಳ ಪ್ರದರ್ಶನ ಏಕಿಡಬಾರದು? ಗೋಡೆ ತುಂಬ ಪೋಸ್ಟರ್ ಬೇಡ. 6 ಪಾಯಿಂಟಿನ ಸಣ್ಣ ಅಕ್ಷರದಲ್ಲೇ ಅಚ್ಚು ಹಾಕಿ, ನನ್ನಂಥ ಚಾಳೀಸಿನವರ ಕೈಗೆ ಕೊಟ್ಟು ಓದಿಸಲಿ.

– ಓದುಗ, ದಾವಣಗೆರೆ